ಕಿರೇಸೊಸಿಗೆ ಕೇಳದ ಅಕ್ಕೋರ ದನಿ

ಯಾವುದಾದರೂ ಯಂತ್ರವನ್ನು ಪೂರ್ತಿ ರಿಪೇರಿ ಮಾಡಿದೆ ಅಂತ ನಾನು ಮನಸ್ಸಿನಲ್ಲಿ ಗುಲಗಂಜಿಯಷ್ಟು ಹಮ್ಮು ಪಟ್ಟರೆ ಸಾಕು, ಶಿವ ಅದನ್ನು ಅದೇ ಚೀಲದಲ್ಲಿ, ಅದೇ ಗಿರಾಕಿಯ ಕೈಯಲ್ಲಿ ವಾಪಸು ಕಳಿಸುತ್ತಾನೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತಪ್ಪಿಸಿಲ್ಲ. ಅವನಿಗೆ ನನ್ನ ಮೇಲೆ ಅಷ್ಟು ಕಾಳಜಿ.

ತಿಳವಳ್ಳಿಯ ಹಳೇ ಗುಡಿಯ ದಾರಿಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಲಿಂಗಪೂಜೆ ಮುಗಿಯದೆ ನಾನು ಬಾಗಿಲು ತೆಗೆಯುವುದಿಲ್ಲ. ಬಂದ ಯಂತ್ರದ ಹಣೆಗೆ ಮೂರು ಬೆರಳು ವಿಭೂತಿ ಎಳೆದು, ಅದರ ಮೇಲೆ ಕುಂಕುಮ ಇಟ್ಟು, ಕೈಮುಗಿಯದೆ ಸ್ಕ್ರೂ ಬಿಚ್ಚುವುದಿಲ್ಲ. ಊರವರು ಪ್ರೀತಿಯಿಂದಲೋ ಚೇಷ್ಟೆಯಿಂದಲೋ ನನಗೆ ‘ಶರಣ್ರು’ ಅಂತಾರೆ. ಕಳೆದ ಚಳಿಗಾಲದಲ್ಲಿ ಒಂದೇ ಲ್ಯಾಪ್‌ಟಾಪು ನನ್ನ ಬಳಿ ಮತ್ತೆ ಮತ್ತೆ ಬಂತು. ಬಂದಾಗಲೆಲ್ಲ ಒಂದು ಪ್ರಸಂಗ ಆಯಿತು. ಆಗ ಕಣ್ಣೀರು ಬಂದಿತ್ತು, ಈಗ ನೆನೆದರೆ ನಗು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

೧. ಸೊಂಟದಲ್ಲಿ ಕೀಲಿಕೈ

ಆ ಲ್ಯಾಪ್‌ಟಾಪು ಚಿಕ್ಕೇರೂರಿನ ಅಕ್ಕೋರದು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳಿಗೆ ಅಕ್ಕೋರು ಅನ್ನುತ್ತೇವೆ. ನಿವೃತ್ತಿಯ ದಿನ ಹಳೇ ವಿದ್ಯಾರ್ಥಿಗಳು ಶಾಲು, ಹಣ್ಣಿನ ಬುಟ್ಟಿಯ ಜೊತೆ ಅದನ್ನು ಕೊಟ್ಟಿದ್ದರು. ಕೊಡುವಾಗಲೇ ಅದಕ್ಕೂ ನಿವೃತ್ತಿಯ ವಯಸ್ಸಾಗಿತ್ತು ಅಂತ ನನ್ನ ಗುಮಾನಿ.

“ಶರಣ್ರ, ಇದನ್ನ ಚಾಲೂ ಮಾಡಿ, ಕಸಾ ಹೊಡದು, ಮುಸುರಿ ತಿಕ್ಕಿ, ಚಾ ಕುಡದು ಬಂದ್ರೂ ಇದು ಇನ್ನೂ ಕಣ್ಣ ತಿಕ್ಕೋತ ಕುಂತಿರ್ತೈತ್ರಿ” ಅಂತ ಮಹಾನವಮಿಯ ಹಿಂದಿನ ದಿನ ತಂದುಕೊಟ್ಟರು. ನಾನು ಹಳೇ ಸಿಸ್ಟಮ್ಮನ್ನು ಹಾಗೇ ಇಟ್ಟು, ಅದರ ಮಗ್ಗುಲಲ್ಲಿ ಹಗುರವಾದ, ಪುಕ್ಕಟೆ ಸಿಗುವ ಇನ್ನೊಂದು ಸಿಸ್ಟಮ್ ಹಾಕಿದೆ. ಮರುದಿನ ಆಯುಧಪೂಜೆ. ಇಕ್ಕಳ, ಸ್ಕ್ರೂಡ್ರೈವರುಗಳ ಜೊತೆ ಅದಕ್ಕೂ ಗಟ್ಟಿಯಾಗಿ ವಿಭೂತಿ ಬಿತ್ತು.

ಒಯ್ಯಲು ಬಂದ ಅಕ್ಕೋರಿಗೆ ತಿಳಿಸಿ ಹೇಳಿದೆ. ಚಾಲೂ ಮಾಡಿದ ಕೂಡಲೆ ಎರಡು ಹೆಸರು ಬರುತ್ತವೆ, ಬೇಕಾದ್ದನ್ನು ಆರಿಸಿಕೊಳ್ಳಬೇಕು, ಅಂತ.

“ಅಂದ್ರ ಒಂದ ಮನಿಗೆ ಇಬ್ಬರು ಸೊಸೆಂದ್ರು ಅನ್ರಿ.”

“ಹೌದ್ರಿ ಅಕ್ಕೋರ. ಆದ್ರ ಇಬ್ಬರೂ ಒಮ್ಮಿಗೇ ಎದ್ದಿರಂಗಿಲ್ಲ. ಒಬ್ಬಾಕಿ ಎದ್ರ ಇನ್ನೊಬ್ಬಾಕಿ ಮಲಗಿರ್ತಾಳ.”

“ಹಂಗಾದ್ರ ಜಗಳಿಲ್ಲ ಬಿಡ್ರಿ. ಪುಣ್ಯವಂತರ ಮನಿ!” ಅಂದರು. ಅಂದಿನಿಂದ ಹಳೇ ಸಿಸ್ಟಮ್ಮು ಹಿರೇಸೊಸಿ, ಹೊಸದು ಕಿರೇಸೊಸಿ.

ಕಾರ್ತಿಕ ಮುಗಿದ ಮೇಲೆ ಅಕ್ಕೋರು ಮತ್ತೆ ಬಂದರು. ಕೊರಳಿಗೆ ಸೀರೆಯ ಸೆರಗು ಸುತ್ತಿಕೊಂಡಿದ್ದರು. ಯಾವಾಗಲೂ ಓಣಿಯ ತುದಿಗೆ ಕೇಳುವ ದನಿ ಆ ದಿನ ಸಣ್ಣಗಿತ್ತು.

“ಕೊಳ್ಳಾಗ ಗಂಟಾಗೇತ್ರಿ. ಸಂಕ್ರಾಂತಿ ಮುಗದ ಸೋಮವಾರ ಹುಬ್ಬಳ್ಯಾಗ ಆಪರೇಶನ್ನು. ಜೀವಕ್ಕೇನೂ ಅಂಜಿಕಿಲ್ಲ, ಆದ್ರ ದನಿ ಮೊದಲಿನಂಗ ಉಳಿತೈತಿ ಅಂತ ಖಾತ್ರಿ ಹೇಳಾಕ ಬರಂಗಿಲ್ಲ ಅಂದ್ರು ಡಾಕ್ಟರು. ಅದಕ್ಕ ಮೊದಲು ನಮ್ಮ ಹುಡುಗೀ ಪಾಠ ಎಲ್ಲಾ ಓದಿ ಇದರಾಗ ರೆಕಾರ್ಡ್ ಮಾಡಿ ತುಂಬಿ ಇಡಬೇಕ್ರಿ.”

ಹುಡುಗಿ ಅಂದರೆ ಅವರ ಹಳೇ ವಿದ್ಯಾರ್ಥಿನಿ, ಓಣಿಯವಳು. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹಿರೇಕೆರೂರಿನ ಹೈಸ್ಕೂಲಿನಲ್ಲಿ ಹತ್ತನೇ ಇಯತ್ತೆ. ಒಂದನೇ ಇಯತ್ತೆಯಿಂದ ದಿನಾ ಸಂಜೆ ಅವಳ ಪುಸ್ತಕ ಓದಿ ಹೇಳುತ್ತ ಬಂದವರು ಅಕ್ಕೋರು. ಬೇರೆ ಯಾರಾದರೂ ಓದಲಿ ಅಂದರೆ ಆ ಹುಡುಗಿ, “ಬ್ಯಾರೆಯವ್ರು ಓದಿದ್ರ ಅಕ್ಷರ ಕೇಳ್ತಾವ, ಪಾಠ ಕೇಳಂಗಿಲ್ರಿ” ಅಂತಿದ್ದಳಂತೆ. ಮಾರ್ಚಿನಲ್ಲಿ ದೊಡ್ಡ ಪರೀಕ್ಷೆ. ಆಗ ಓದಲು ಅಕ್ಕೋರ ಬಾಯಿ ಇರುತ್ತದೋ ಇಲ್ಲವೋ.

“ಫೋನಿನ್ಯಾಗ ತುಂಬ್ರಲ್ಲ” ಅಂದೆ.

“ಫೋನಿನ್ಯಾಗ ತುಂಬಿದ್ರ ಮಾರುದ್ದ ಹಗ್ಗ ಆಗ್ತೈತಿ. ಅರವತ್ತನೇ ಪುಟ ಬೇಕಂದ್ರ ಆಕಿ ಎಲ್ಲಿ ಹುಡುಕಬೇಕು? ಅವರ ಸಾಲ್ಯಾಗ ಒಂದು ಪ್ರೋಗ್ರಾಮ್ ಕೊಟ್ಟಾರ. ಪುಟಾಪುಟಾ ಬ್ಯಾರೆ ತುಂಬ್ತೈತಿ, ಆಕಿ ಬಟನ್ ಒತ್ತಿದ್ರ ಬೇಕಾದ ಪುಟ ಓದ್ತೈತಿ. ಅದು ಕಿರೇಸೊಸಿ ಕಡೆ ಅಷ್ಟ ನಡಿತೈತ್ರಿ. ಆದ್ರ ಆಕಿ ‘ಮೈಕೇ ಇಲ್ಲ’ ಅಂತಾಳ!”

ಹೊರಗಿನ ಮೈಕು ಚುಚ್ಚುವ ಜಾಗದಲ್ಲಿ ಎಂದೋ ಮುರಿದ ಪಿನ್ನೊಂದು ಗಟ್ಟಿಯಾಗಿ ಕೂತಿತ್ತು. ಹೀಗಾಗಿ ಒಳಗಿನ ಮೈಕೇ ಗತಿ. ವಿಭೂತಿ ಹಚ್ಚಿದೆ, ಕೈಮುಗಿದೆ, ಕೂತೆ. ಮೂರು ದಿನ ಕೂತೆ. ಕಿರೇಸೊಸಿಯ ಪಟ್ಟಿಯಲ್ಲಿ ಕ್ಯಾಮೆರಾ ಇದೆ, ಪ್ರಿಂಟರ್ ಇದೆ, ಮೈಕು ಮಾತ್ರ ಇಲ್ಲ. ಮೂರನೇ ದಿನ ಊಟಕ್ಕೆ ಹೋಗದೆ ಕೂತಾಗ ನಮ್ಮ ಮನೆಯವಳು ಬುತ್ತಿ ತಂದಳು. ಅವಳಿಗೆ ಸಂಕಟ ಹೇಳಿಕೊಂಡೆ.

ಅವಳು ರೊಟ್ಟಿ ಮುರಿದು ತಾಟಿಗೆ ಹಾಕುತ್ತ, “ಹಿರೇಸೊಸಿ ಖರೇನ ಮಲಗ್ಯಾಳೋ, ಮಲಗಿದಂಗ ಮಾಡ್ಯಾಳೋ ನೋಡ್ರಿ” ಅಂದಳು.

“ಅಂದ್ರ?”

“ನಾನೂ ಈ ಮನಿಗೆ ಕಿರೇಸೊಸಿಯಾಗಿ ಬಂದಾಕಿ. ಹಿರೇಸೊಸಿ ನಿಮ್ಮ ವೈನಿ ಮಧ್ಯಾಹ್ನ ಗೊರಕಿ ಹೊಡೀತಿದ್ರು. ಆದ್ರ ತುಪ್ಪದ ಕಪಾಟಿನ ಕೀಲಿಕೈ ಸೊಂಟದಾಗ ಇರ್ತಿತ್ತು. ಅವ್ರು ಮಲಗಿದ್ರೂ ಕಪಾಟ ನನಗ ತೆರೀತಿರಲಿಲ್ಲ.”

ನನ್ನ ಕೈಯಲ್ಲಿ ತುತ್ತು ಹಾಗೇ ನಿಂತಿತು. ಹಳೇ ಸಿಸ್ಟಮ್ಮಿನಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ. ಬೇಗ ಏಳಲಿ ಅಂತ ಅದು ಪೂರ್ತಿ ಬಂದ್ ಆಗುವುದಿಲ್ಲ, ಅರೆನಿದ್ದೆಯಲ್ಲಿ ಎಲ್ಲವನ್ನೂ ಹಿಡಿದುಕೊಂಡೇ ಇರುತ್ತದೆ. ಎಂಜಲು ಕೈ ತೊಳೆದು ಹೋಗಿ ಆ ಸೆಟ್ಟಿಂಗ್ ತೆಗೆದೆ. ಹಿರೇಸೊಸಿಯನ್ನು ಪೂರ್ತಿ ಮಲಗಿಸಿ, ಕಿರೇಸೊಸಿಯನ್ನು ಎಬ್ಬಿಸಿದೆ. ಪಟ್ಟಿಯಲ್ಲಿ ಮೈಕು ಬಂದು ಕೂತಿತ್ತು!

“ಶಿವಾ! ನಿನ್ನ ಬಾಯಾಗ ಶಿವನ ಬಂದು ಹೇಳಿಸ್ಯಾನ ನೋಡು” ಅಂದೆ.

ಅವಳು ಬುತ್ತಿ ಅರಿವೆ ಮಡಚುತ್ತ ಅಂದಳು: “ನಿಮ್ಮ ವೈನಿಗೆ ಈ ಸೆಟ್ಟಿಂಗ್ ಎಲ್ಲಿತ್ತು ಅಂತ ಹದಿನೆಂಟು ವರ್ಷ ಹುಡುಕೀನ್ರಿ. ಸಿಗಲಿಲ್ಲ.”

೨. ಗಂಗೆ ಇಲ್ಲದ ಗಂಗಾ ನದಿ

ನಾಲ್ಕೇ ದಿನಕ್ಕೆ ಅಕ್ಕೋರು ಹಾಜರು. ಈ ಸಲ ಹುಡುಗಿಯೂ ಜೊತೆಗೆ ಬಂದಿದ್ದಳು. ಎರಡು ಜಡೆ, ನೀಲಿ ಯುನಿಫಾರ್ಮು, ಎಡಗೈ ಅಕ್ಕೋರ ಹೆಗಲ ಮೇಲೆ. ಅಂಗಡಿಯೊಳಗೆ ಕಾಲಿಟ್ಟವಳೇ ಗಾಳಿ ಮೂಸಿ, “ವಿಭೂತಿ, ಊದಿನಕಡ್ಡಿ, ಸುಟ್ಟ ವೈರು. ಶರಣ್ರ ಕಾಕಾರ ಅಂಗಡಿ ಬಂತು” ಅಂದಳು.

ಹಿಂದಿನ ದಿನ ಅಕ್ಕೋರು ನದಿಗಳ ಪಾಠವನ್ನು ಒಂದು ತಾಸು ಕೂತು ಓದಿದ್ದರಂತೆ. ನಡುನಡುವೆ ಬಿಸಿನೀರು ಕುಡಿದು, ಕೊರಳು ಹಿಡಿದುಕೊಂಡು, ಒಂದು ಪುಟವನ್ನೂ ಬಿಡದೆ.

“ಕೇಳಿಸ್ವಾ ಕಾಕಾಗ” ಅಂದರು. ಹುಡುಗಿ ಬಟನ್ ಒತ್ತಿದಳು.

ಅದರಿಂದ ಬಂದ ದನಿ ಅಕ್ಕೋರದಲ್ಲ. ಓಂ ನಮಃ ಶಿವಾಯ, ಓಂ ನಮಃ ಶಿವಾಯ ಅಂತ ಮಧುರವಾದ ಜಪ. ಮುಂದಿನ ಪುಟ ಒತ್ತಿದಳು. ಅದೇ ಜಪ. ಹನ್ನೆರಡು ಪುಟಕ್ಕೂ ಅದೇ.

ನನ್ನ ಕಿವಿ ಬಿಸಿಯಾದವು. ಒಳ್ಳೆಯದಾಗಲಿ ಅಂತ ನಾನು ರಿಪೇರಿ ಮಾಡಿದ ಪ್ರತಿ ಯಂತ್ರದಲ್ಲೂ ಚಾಲೂ ಮಾಡಿದಾಗ ಸಣ್ಣಗೆ ಶಿವಜಪ ನಡೆಯುವಂತೆ ಇಟ್ಟಿರುತ್ತೇನೆ. ಅಕ್ಕೋರು ಓದುವಾಗ ಸ್ಪೀಕರಿನ ದನಿ ತೀರಾ ಇಳಿಸಿದ್ದರು. ಅವರಿಗೆ ಅದು ಕೇಳಿಸಿರಲಿಲ್ಲ. ಆದರೆ ಕಿರೇಸೊಸಿಗೆ ಎರಡು ಬಾಗಿಲು. ಒಂದು ಹೊರಗಿನ ಮಾತು ಕೇಳಲು, ಇನ್ನೊಂದು ತನ್ನದೇ ಹೊಟ್ಟೆಯೊಳಗಿನ ಸಪ್ಪಳ ಕೇಳಲು. ಅವಳು ಎರಡನೆಯದನ್ನು ತೆರೆದು ಕೂತು, ತನ್ನೊಳಗೆ ತಾನೇ ಹಾಡಿದ್ದನ್ನು ತಾನೇ ತುಂಬಿಕೊಂಡಿದ್ದಳು. ಎದುರಿಗೆ ಅಕ್ಕೋರು ಒಂದು ತಾಸು ಓದಿದ್ದು ಗೋಡೆಗೆ ಓದಿದಂತಾಗಿತ್ತು.

“ತಪ್ಪು ನಂದ್ರಿ ಅಕ್ಕೋರ” ಅಂತ ಕೈಮುಗಿದೆ. ಜಪ ತೆಗೆದೆ, ಮನಸ್ಸಿನಲ್ಲಿ ಕ್ಷಮೆ ಕೇಳಿಕೊಂಡೇ ತೆಗೆದೆ. ಬಾಗಿಲು ಬದಲಿಸಿದೆ. ಕೈ ತಾಗಿ ಹಣೆಯ ವಿಭೂತಿ ಅಳಿಸಿದಂತೆ ಕಂಡಿತು. ಅದನ್ನೂ ಹೊಸದಾಗಿ ಹಚ್ಚಿದೆ.

ಅಕ್ಕೋರು ಬೈಯಲಿಲ್ಲ. ಕೊರಳ ಮೇಲೆ ಕೈ ಇಟ್ಟುಕೊಂಡು ಕ್ಯಾಲೆಂಡರ್ ನೋಡಿದರು. ಆ ನೋಟಕ್ಕಿಂತ ಬೈಗುಳ ಮೇಲಿತ್ತು.

ಹುಡುಗಿಯೇ ನಮ್ಮನ್ನು ಉಳಿಸಿದಳು. “ಅಳಬ್ಯಾಡ್ರಿ ಕಾಕಾರ. ಪಾಠದಾಗ ಗಂಗೀ ಇರಲಿಲ್ಲ ಖರೆ. ಆದ್ರ ಗಂಗೀನ ತಲಿಮ್ಯಾಲ ಹೊತ್ತಾಂವ ಪ್ರತಿ ಪುಟದಾಗೂ ಇದ್ದ.”

೩. ಇಬ್ಬರ ದೇವರಿಗೂ ಕೇಳಲಿಲ್ಲ

ಈಗ ದನಿ ಬಂತು. ಆದರೆ ಬಾವಿಯ ತಳದಿಂದ ಬಂದ ಹಾಗೆ ಬಂತು. ಅಕ್ಕೋರು ಓದುತ್ತಿದ್ದಾರೆ ಅನ್ನುವುದು ತಿಳಿಯುತ್ತಿತ್ತು, ಏನು ಓದುತ್ತಿದ್ದಾರೆ ಅನ್ನುವುದು ತಿಳಿಯುತ್ತಿರಲಿಲ್ಲ. ಯಂತ್ರ ಮತ್ತೆ ನನ್ನ ಅಂಗಡಿಗೇ ಬಂತು. ಎಳ್ಳ ಅಮಾವಾಸ್ಯೆ ಮುಗಿದಿತ್ತು. ಅಮಾವಾಸ್ಯೆಯ ಪೂಜೆಯಲ್ಲಿ ಅಂಗಡಿಯ ಎಲ್ಲ ಯಂತ್ರಗಳ ಜೊತೆ ಅದಕ್ಕೂ ವಿಶೇಷವಾಗಿ ಹಚ್ಚಿ, “ಶಿವನೇ, ಇದೊಂದನ್ನ ದಾರಿಗೆ ಹಚ್ಚು” ಅಂತ ಬೇಡಿಕೊಂಡಿದ್ದೆ. ಮರುದಿನ ದನಿ ಇನ್ನೂ ಸಣ್ಣಗಾಗಿತ್ತು.

ನನ್ನ ಬುದ್ಧಿ ಮುಗಿದಾಗ ನಾನು ಸವಣೂರಿಗೆ ಹೋಗುತ್ತೇನೆ. ಅಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರಿದ್ದಾರೆ. ರೇಡಿಯೋ ಕಾಲದಿಂದ ರಿಪೇರಿ ಮಾಡುತ್ತ ಬಂದ ಹಿರಿಯ ಸಾಹೇಬರು. ಗಡ್ಡ ಬಿಳಿ, ಕೈ ಇನ್ನೂ ನಡುಗುವುದಿಲ್ಲ. ಮಧ್ಯಾಹ್ನದ ನಮಾಜು ಮುಗಿಸಿ ಬಂದು ಮುಂದೆ ಒಂದು ಪುಡಿಕೆ ಸವಣೂರು ಖಾರದ ತಿಂಡಿ ಇಟ್ಟರು.

“ತಿನ್ನು. ಹೊಟ್ಟಿ ಹಸದಾಂವ ರಿಪೇರಿ ಮಾಡಿದ್ರ ಸ್ಕ್ರೂ ಉಳಿತಾವ.”

ಆಮೇಲೆ ಲ್ಯಾಪ್‌ಟಾಪ್ ತೆರೆದರು. “ಮಾತಾಡು.”

ನಾನು ಮೈಕು ಪರೀಕ್ಷಿಸಲು ಹಲೋ ಅನ್ನುವವನಲ್ಲ. “ಶಿವ ಶಿವ” ಅಂದೆ. ತುಂಬಿದ್ದನ್ನು ಕೇಳಿದರೆ ಇರುವೆ ಕೆಮ್ಮಿದಂತೆ ಏನೋ ಒಂದು ಕೇಳಿತು. ಉಸ್ತಾದರು ತಾವೇ ಬಗ್ಗಿ, ಎದೆ ತುಂಬಿ, “ಯಾ ಅಲ್ಲಾಹ್” ಅಂದರು. ಅದೂ ಅಷ್ಟೇ ಸಣ್ಣಗೆ ಬಂತು.

ಉಸ್ತಾದರು ಕನ್ನಡಕ ತೆಗೆದು ಒರೆಸಿದರು. “ನಿನ್ನ ದೇವರನ್ನ ಕರದ್ರೂ ಇದಕ್ಕ ಕೇಳವಲ್ದು, ನನ್ನ ದೇವರನ್ನ ಕರದ್ರೂ ಕೇಳವಲ್ದು. ಒಂದು ಮಾತು ಖಾತ್ರಿ ಆತು ನೋಡು ಬೇಟಾ, ಇದರಾಗ ಭೇದಭಾವ ಇಲ್ಲ.”

ಅವರು ಸುಮ್ಮನೆ ಬಿಡುವವರಲ್ಲ. ಮೈಕಿನ ಜೋರನ್ನು ತುದಿಗೆ ಏರಿಸಿದರು. ಮೃದುವಾದ ಬ್ರಷ್ ತೆಗೆದುಕೊಂಡು ಸಂದಿಗೊಂದಿಯ ಧೂಳನ್ನೆಲ್ಲ ಹೊಡೆದರು. ಕೀಲಿಮಣೆ, ಮಗ್ಗುಲ ಜಾಳಿಗೆ, ಕೆಳಗಿನ ತೂತುಗಳು, ಪರದೆಯ ಅಂಚು. ಮೇಲಿನ ಅಂಚಿನ ನಡುವೆ ವಿಭೂತಿ ಕಂಡಾಗ ಬ್ರಷ್ ನಿಂತಿತು.

“ಇದು ನಿನ್ನ ಪೂಜೀದು. ನಾ ಕೈ ಹಚ್ಚಬಾರದು” ಅಂತ ಬ್ರಷ್ಷನ್ನು ಗೌರವದಿಂದ ಆ ಕಡೆಯಿಂದ ಈ ಕಡೆಗೆ ದಾಟಿಸಿದರು. ನನ್ನ ಕಣ್ಣು ತುಂಬಿ ಬಂದವು. ಇಂಥ ಮನುಷ್ಯನ ಕೈಕೆಳಗೆ ಕಲಿತೆನಲ್ಲ ಅಂತ ಶಿವನಿಗೆ ವಂದಿಸಿದೆ.

ಹೊರಡುವಾಗ ಕೇಳಿದೆ: “ಎಷ್ಟು ಕೊಡಲಿರಿ ಉಸ್ತಾದ್?”

“ಆ ಅಕ್ಕೋರ ದನಿ ಉಳೀಲಿ ಅಂತ ಅಸರ್ ನಮಾಜಿನ್ಯಾಗ ದುವಾ ಮಾಡ್ತೇನಿ. ನೀನೂ ಮಾಡು. ಯಾವ ಲೈನ್ ಮೊದಲು ಹತ್ತತೈತೋ ಹತ್ಲಿ.”

೪. ಎಮ್ಮೆ ಓದಿದ ಪಾಠ

ವಾಪಸು ಬರುವಾಗ ಶಿಗ್ಗಾಂವದಲ್ಲಿ ಬಸ್ಸು ಬದಲಿಸಬೇಕಿತ್ತು. ಇರಲಿ ಅಂತ ಅಲ್ಲೊಂದು ಅಂಗಡಿಯಲ್ಲಿ ಹೊರಗಿನಿಂದ ಯುಎಸ್‌ಬಿ ತೂತಿಗೆ ಚುಚ್ಚುವ ಮೈಕು ಕೊಂಡೆ. ಅದು ಹಿರೇಸೊಸಿಯ ಕೂಡ ಗಂಟೆಗಟ್ಟಲೆ ಮಾತಾಡುತ್ತಿತ್ತು. ಕಿರೇಸೊಸಿ ಎದ್ದ ಕೂಡಲೆ ಬಾಯಿಗೆ ಬೀಗ. ತವರಿನಿಂದ ಬಂದ ಬೀಗರು ಒಬ್ಬಳನ್ನೇ ಮಾತಾಡಿಸಿ ಹೋಗುವ ಹಾಗೆ. ಅದನ್ನು ಚೀಲದಲ್ಲೇ ಬಿಟ್ಟೆ.

ಸಂಕ್ರಾಂತಿ ಮುಗಿಯಿತು. ಶುಕ್ರವಾರ ಬೆಳಿಗ್ಗೆ ನಾನೇ ಲ್ಯಾಪ್‌ಟಾಪ್ ಹೊತ್ತು ಚಿಕ್ಕೇರೂರಿಗೆ ಹೋದೆ. ಸೋಮವಾರಕ್ಕೆ ಮೂರು ದಿನ ಉಳಿದಿತ್ತು. ಪುಸ್ತಕದಲ್ಲಿ ಒಂಬತ್ತು ಪಾಠಗಳಿದ್ದವು.

ಅಕ್ಕೋರ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತೆವು. ಹುಡುಗಿ ಆ ದಿನ ಸಾಲಿಗೆ ಹೋಗಿರಲಿಲ್ಲ. ಕಂಬಕ್ಕೆ ಒರಗಿ ಕೂತಿದ್ದಳು. ನನಗೆ ತಿಳಿದ ಹಳೇ ಮಾದರಿಗಳಲ್ಲಿ ಮೈಕು ಕೀಲಿಮಣೆಯ ಹತ್ತಿರ ಇರುತ್ತಿತ್ತು. ಇದರಲ್ಲೂ ಮುಂದಿನ ಅಂಚಿನಲ್ಲಿ ಒಂದು ಸಣ್ಣ ತೂತಿತ್ತು. “ಅಕ್ಕೋರ, ಈ ತೂತಿಗೆ ಬಾಯಿ ಹತ್ತಿರ ತಂದು ಓದ್ರಿ” ಅಂದೆ.

ಪಾಪ, ಅಕ್ಕೋರು ಸೊಂಟ ಬಗ್ಗಿಸಿ, ಆ ತೂತಿಗೆ ಮುತ್ತು ಕೊಡುವಷ್ಟು ಹತ್ತಿರ ಬಾಗಿ, ಡಾಕ್ಟರು ಬೇಡ ಅಂದಷ್ಟು ಜೋರಾಗಿ ಒಂದು ಪುಟ ಓದಿದರು. ಓದಿ ಮುಗಿಸಿ ಕೊರಳು ಹಿಡಿದುಕೊಂಡು ಕಣ್ಣು ಮುಚ್ಚಿದರು. ಅಷ್ಟರಲ್ಲಿ ನಾನು ಚಾರ್ಜರ್ ಚುಚ್ಚಿದೆ. ಆ ತೂತಿನಲ್ಲಿ ಕಿತ್ತಳೆ ಬಣ್ಣದ ದೀಪ ಹತ್ತಿತು. ಅದು ಚಾರ್ಜು ತೋರಿಸುವ ದೀಪದ ತೂತು! ಭೂಮಿ ಬಾಯ್ದೆರೆದರೆ ಸಾಕು ಅನಿಸಿತು.

ತುಂಬಿದ್ದನ್ನು ಕೇಳಿದೆವು. ಉಸ್ತಾದರು ಜೋರನ್ನು ತುದಿಗೆ ಏರಿಸಿದ್ದರಿಂದ ಗುಂಯ್ ಅನ್ನುವ ಸಪ್ಪಳ, ಅದರ ಹಿಂದೆ ಎಲ್ಲೋ ಅಕ್ಕೋರು, ಮತ್ತು ಎಲ್ಲರಿಗಿಂತ ಸ್ಪಷ್ಟವಾಗಿ ಹಿತ್ತಲಿನ ಎಮ್ಮೆ.

ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಂಡು, “ಆತು ಬಿಡ್ರಿ ಶರಣ್ರ. ಶಿವನ ಮನಸ್ಸಿನ್ಯಾಗ ಇಲ್ಲ ಅಂದ್ರ ಏನ್ ಮಾಡೋದು. ಈ ಕಿರೇಸೊಸಿ ಕಾಲ್ಗುಣಾನ ಚಲೋ ಇಲ್ಲ” ಅಂದರು.

ನಾನೂ ಹೂಂ ಅಂದೆ. ಹೊಸದಾಗಿ ಬಂದವಳ ಮೇಲೆ ತಪ್ಪು ಹೊರಿಸುವುದು ಎಷ್ಟು ಹಗುರ!

ಹುಡುಗಿ ಮಾತ್ರ ಕಂಬ ಬಿಟ್ಟು ಮುಂದೆ ಸರಿದಳು. “ಎಮ್ಮಿ ಚಲೋ ಓದೈತ್ರಿ ಅಕ್ಕೋರ. ನಿಮ್ಮಂಗ ನಡುವ ನಿಲ್ಲಿಸಿ ಪ್ರಶ್ನೆ ಕೇಳಲಿಲ್ಲ ನೋಡ್ರಿ.”

೫. ಹಣೆ

ಅಕ್ಕೋರು ನಕ್ಕರು. ನಕ್ಕು ಮತ್ತೆ ಪುಸ್ತಕ ತೆಗೆದರು. “ಇನ್ನೊಂದ ಪಾಠ ಓದ್ತೇನಿ. ಕೇಳ್ಲಿ ಬಿಡ್ಲಿ. ನದಿ ಕಣಿವೆ ಯೋಜನೆ. ಚಾಲೂ ಮಾಡ್ರಿ” ಅಂದರು.

ನಾನು ಚಾಲೂ ಮಾಡುವ ಮೊದಲು ಎಂದಿನಂತೆ ಕಿಸೆಯಿಂದ ವಿಭೂತಿ ಗಟ್ಟಿ ತೆಗೆದೆ, ಬೆರಳು ಒದ್ದೆ ಮಾಡಿಕೊಂಡೆ. ಐದನೇ ಸಲ. ನಡುವಿನ ಕ್ಯಾಮೆರಾ ದೇವರ ಕಣ್ಣಿದ್ದಂತೆ ಅಂತ ಅದಕ್ಕೆ ತಾಗದಂತೆ ಆ ಕಡೆ ಈ ಕಡೆ ಜಾಗ್ರತೆಯಿಂದ ಎಳೆದೆ. ರೆಕಾರ್ಡಿಂಗ್ ಚಾಲೂ ಮಾಡಿದೆ, ಅಕ್ಕೋರು ಓದಲು ಶುರು ಮಾಡಿದರು.

“ಕಾಕಾರ, ಏನು ಮಾಡಿದ್ರಿ ಈಗ? ಹಸೀ ವಾಸನಿ ಬಂತು” ಅಂದಳು ಹುಡುಗಿ.

“ವಿಭೂತಿವಾ. ದೇವರ ಆಶೀರ್ವಾದ.”

“ಎಲ್ಲಿ ಹಚ್ಚಿದ್ರಿ?”

“ಹಣೀಗೆ. ಪರದೆ ಮ್ಯಾಲಿನ ಅಂಚಿಗೆ.”

ಅವಳು ಕೈ ಚಾಚಿ ಲ್ಯಾಪ್‌ಟಾಪಿನ ಅಂಚನ್ನು ಹಿಡಿದಳು. ಬೆರಳು ಇರುವೆಯಂತೆ ನಿಧಾನವಾಗಿ ಮೇಲೇರಿ, ನಡುವೆ ಬಂದು ನಿಂತಿತು. ಉಗುರಿನಿಂದ ಕೆರೆದಳು. ಒಂದು ಹಕ್ಕಳೆ ಎದ್ದು ಚಾಪೆಯ ಮೇಲೆ ಬಿತ್ತು. ಬಿಳಿ ಪದರ, ಕೆಂಪು ಪದರ, ಬಿಳಿ ಪದರ, ಕೆಂಪು ಪದರ. ಮಹಾನವಮಿಯಿಂದ ಸಂಕ್ರಾಂತಿಯವರೆಗಿನ ನನ್ನ ಭಕ್ತಿಯೆಲ್ಲ ಅದರಲ್ಲಿತ್ತು.

“ಕಾಕಾರ, ನಮ್ಮ ಸಾಲಿ ಲ್ಯಾಪ್‌ಟಾಪಿಗೆ ಇಲ್ಲೆ ಎರಡು ಸಣ್ಣ ತೂತ ಅದಾವ. ಮೈಕ್ ಅಲ್ಲೇ ಇರ್ತೈತಿ ಅಂತ ಸರ್ ಕೈ ಹಿಡದು ಮುಟ್ಟಿಸ್ಯಾರ. ಇದಕ್ಕ ತೂತ ಇಲ್ಲ, ಗ್ವಾಡಿಗೆ ಮೆತ್ತಿದಂಗ ಗಿಲಾಯಿ ಆಗೇತಿ” ಅಂದಳು. ಆಮೇಲೆ ದನಿ ಇಳಿಸಿ, ನನಗೆ ನೋವಾಗಬಾರದು ಅನ್ನುವ ಹಾಗೆ ಅಂದಳು: “ನೀವು ಹಣಿ ಅಂತ ತಿಳದದ್ದು ಹಣಿ ಅಲ್ರಿ. ಅದು ಕಿವಿ.”

ಎರಡು ಕಣ್ಣಿನ ನಾನು, ಕನ್ನಡಕದ ಅಕ್ಕೋರು, ಭೂತಗನ್ನಡಿಯ ಉಸ್ತಾದರು, ಮೂವರೂ ನೋಡಿದ್ದೆವು. ನೋಡಿ, ಕೈಮುಗಿದು, ಬಿಟ್ಟಿದ್ದೆವು. ಅಕ್ಕೋರು ಪ್ರಸಾದ ಅಂತ ಒರೆಸಿರಲಿಲ್ಲ. ಉಸ್ತಾದರು ಪೂಜೆಯದು ಅಂತ ಮುಟ್ಟಿರಲಿಲ್ಲ. ನಾನಂತೂ ಕೆಟ್ಟಾಗಲೆಲ್ಲ ಇನ್ನಷ್ಟು ಹಚ್ಚಿದ್ದೆ. ನಾನು ಬೇಡಿಕೊಂಡಷ್ಟೂ ಅದು ಕೆಪ್ಪಾಗಿತ್ತು.

ಒದ್ದೆ ಅರಿವೆ, ಸೂಜಿ ತರಿಸಿ, ಆ ಎರಡು ತೂತುಗಳನ್ನು ಬಿಡಿಸಿದೆ. ಬಿಡಿಸುತ್ತ ನನಗೆ ಅರಿವಿಲ್ಲದೆ ಬಾಯಿಂದ ಬಂತು: “ಶಿವನೇ, ತಪ್ಪಾತಪಾ! ನಿನ್ನ ಹೆಸರಿನ್ಯಾಗ ನಾನ ಕಿವಿ ಮುಚ್ಚಿ ಕುಂತಿದ್ನಲ್ಲೋ!”

ಅಕ್ಕೋರು ಉಳಿದದ್ದನ್ನು ಓದಿದರು. ಸಣ್ಣ ದನಿಯಲ್ಲಿ, ಸಂಜೆ ಹುಡುಗಿಗೆ ಓದಿ ಹೇಳುತ್ತಿದ್ದರಲ್ಲ, ಹಾಗೆ. ಆಮೇಲೆ ಕೇಳಿದರೆ, ಅಕ್ಕೋರು ಆ ಪೆಟ್ಟಿಗೆಯೊಳಗೇ ಚಾಪೆ ಹಾಸಿಕೊಂಡು ಕೂತಂತಿತ್ತು. ಉಸಿರು ಕೂಡ ಕೇಳುತ್ತಿತ್ತು. ಹುಡುಗಿ ಲ್ಯಾಪ್‌ಟಾಪಿನ ಮೇಲೆ ಕೆನ್ನೆ ಇಟ್ಟು ಕೇಳಿದಳು.

ರೆಕಾರ್ಡಿಂಗ್ ನಿಲ್ಲಿಸದೇ ಕೆರೆದಿದ್ದರಿಂದ ಆ ಪುಟದಲ್ಲಿ ನನ್ನ ತಪ್ಪೊಪ್ಪಿಗೆಯೂ ಸೇರಿಕೊಂಡಿತ್ತು. ಅಳಿಸಿಬಿಡುತ್ತೇನೆ ಅಂದೆ. “ಇರ್ಲಿ ಬಿಡ್ರಿ, ಟೈಮಿಲ್ಲ” ಅಂದರು ಅಕ್ಕೋರು. ಮೂರು ದಿನದಲ್ಲಿ, ಬಿಸಿನೀರು ಕುಡಿಯುತ್ತ, ನಿಲ್ಲುತ್ತ, ಒಂಬತ್ತೂ ಪಾಠ ಮುಗಿಸಿದರು. ಭಾನುವಾರ ಸಂಜೆ ಕೊನೇ ಪುಟದ ಕೊನೆಗೆ, “ಚಂದಂಗ ಬರೀವಾ, ಅವಸರ ಮಾಡಬ್ಯಾಡ” ಅಂತ ಸೇರಿಸಿ ಪುಸ್ತಕ ಮುಚ್ಚಿದರು.

ಉಸ್ತಾದರಿಗೆ ಫೋನ್ ಮಾಡಿ ಹೇಳಿದೆ. ಬಹಳ ಹೊತ್ತು ನಕ್ಕರು. “ಅದಬು, ಮರ್ಯಾದಿ ಮಾಡಾಕ ಹೋಗಿ ಬ್ರಷ್ ತಿರುಗಿಸಿದ್ನಿ ಬೇಟಾ. ಮುಂದಿನ ಸಲ ನಿನ್ನ ದೇವರಿಗೆ ಸಲಾಂ ಹೇಳಿ ಒರಸ್ತೇನಿ” ಅಂದರು.

ಆಪರೇಶನ್ನು ಸುಸೂತ್ರವಾಯಿತು. ತಿಂಗಳ ಮೇಲೆ ಒಂದು ಫೋನ್ ಬಂತು. ಯಾರೋ ಗಂಡಸು ಮಾತಾಡಿದ ಹಾಗಿತ್ತು. “ಶರಣ್ರ, ನಾನ್ರಿ, ಅಕ್ಕೋರು. ದನಿ ದಪ್ಪ ಆಗೇತಿ. ನೌಕರಿ ಇದ್ದಾಗ ಇದ್ದಿದ್ರ ಬೆತ್ತ ಬೇಕಾಗ್ತಿರಲಿಲ್ಲ.” ಪಕ್ಕದಲ್ಲಿದ್ದ ಹುಡುಗಿ ಫೋನ್ ಕಸಿದುಕೊಂಡು, “ನನಗ ಈಗ ಇಬ್ಬರು ಅಕ್ಕೋರ ಕಾಕಾರ. ಹಿರೇ ಅಕ್ಕೋರು ಪೆಟ್ಟಿಗ್ಯಾಗ, ಕಿರೇ ಅಕ್ಕೋರು ಮಗ್ಗಲಾಗ. ಇಬ್ಬರೂ ಒಮ್ಮಿಗೇ ಎದ್ದಿರ್ತಾರ!” ಅಂದಳು.

ಮಾರ್ಚಿನಲ್ಲಿ ಹಿರೇಕೆರೂರಿನಲ್ಲಿ ಪರೀಕ್ಷೆ ಬರೆದಳು. ಇವಳು ಹೇಳುವುದು, ಕೆಳಗಿನ ತರಗತಿಯ ಒಬ್ಬ ಹುಡುಗಿ ಬರೆಯುವುದು. ಹೇಳಿದ್ದನ್ನು ಒಂದಕ್ಷರವೂ ಬಿಡದೆ ಬರೆಯಬೇಕು, ತನ್ನದು ಸೇರಿಸಬಾರದು ಅಂತ ಆ ಬರೆಯುವವಳಿಗೆ ಬಿಗಿಯಾಗಿ ಹೇಳಿದ್ದರಂತೆ. ಸಮಾಜ ವಿಜ್ಞಾನದ ಪೇಪರ್ ಮುಗಿದ ಮೇಲೆ ಹುಡುಗಿ, ಅಕ್ಕೋರು ಇಬ್ಬರೂ ನನ್ನ ಅಂಗಡಿಗೆ ಪೇಢೆ ತಂದರು.

“ಹೆಂಗಾತವಾ?”

ಹುಡುಗಿ ತಲೆ ತಗ್ಗಿಸಿದಳು. “ಎಲ್ಲಾ ಚಲೋ ಆತ್ರಿ ಕಾಕಾರ. ನದಿ ಕಣಿವೆ ಯೋಜನೆಯ ನಾಲ್ಕು ಉದ್ದೇಶ ಬರೀರಿ ಅಂತ ಕೇಳಿದ್ರು. ಆ ಪುಟಾ ನನಗ ಬಾಯಿಪಾಠ. ಪ್ರವಾಹ ನಿಯಂತ್ರಣ, ನೀರಾವರಿ, ವಿದ್ಯುತ್ ಉತ್ಪಾದನೆ ಅಂದ್ನಿ. ಪೆಟ್ಟಿಗ್ಯಾಗ ಹೆಂಗ ಬರ್ತೈತೋ ಹಂಗ,” ಇಲ್ಲಿ ಅವಳ ದನಿ ಸಣ್ಣಗಾಯಿತು, “‘ಶಿವನೇ ತಪ್ಪಾತಪಾ’ ಅಂತನೂ ಅಂದಬಿಟ್ನಿ.”

“ಅಯ್ಯ ಶಿವನೇ! ಮುಂದ? ಬರಿಯೋ ಹುಡುಗಿ ನಕ್ಕಳೇನು?”

“ಇಲ್ರಿ. ‘ನಾಲ್ಕೂ ಆದ್ವಕ್ಕ, ಮುಂದಿನ ಪ್ರಶ್ನೆ’ ಅಂದ್ಲು.”

ಅಕ್ಕೋರು ಪೇಢೆಯೊಂದನ್ನು ನನ್ನ ಕೈಗೆ ಇಟ್ಟು, ಆ ಹೊಸ ದಪ್ಪ ದನಿಯಲ್ಲಿ ಹೇಳಿದರು: “ಅಂಜಬ್ಯಾಡ್ರಿ ಶರಣ್ರ. ಪೇಪರ್ ತಿದ್ದೋರು ಭಕ್ತರಿದ್ರ, ಮೊದಲಿನ ಮೂರು ತಪ್ಪಿದ್ರೂ ನಾಲ್ಕನೇದಕ್ಕ ಪೂರ್ತಿ ಕೊಡ್ತಾರ.”